ಮನೆಯ ವರ್ಕ್‌ಶಾಪಿನ ಭಾರೀ ಯಂತ್ರಗಳ ಸಾಗಣೆ ಮತ್ತು ಮರುಜೋಡಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ), ಮಿಲ್ಲಿಂಗ್ ಯಂತ್ರ (ತಿರುಗುವ ಟೂಲಿನಿಂದ ಲೋಹ ಕತ್ತರಿಸುವ ಯಂತ್ರ), ಕಂಬದ ಡ್ರಿಲ್ಲಿಂಗ್ ಯಂತ್ರ, ಸರ್ಫೇಸ್ ಗ್ರೈಂಡರ್ (ಕಲ್ಲಿನ ಚಕ್ರದಿಂದ ಲೋಹದ ಮೈಯನ್ನು ಸಮತಟ್ಟಾಗಿ ಉಜ್ಜುವ ಯಂತ್ರ) ಮುಂತಾದವನ್ನು ಮನೆಯ ಶೆಡ್ಡಿಗೆ ತರುವವರು ಮತ್ತು ಇರುವ ಯಂತ್ರವನ್ನು ಬೇರೆ ಮನೆಗೆ ಒಯ್ಯುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಸುಮಾರು 50 ಕಿಲೋದಿಂದ ಒಂದು ಟನ್ ತೂಗುವ ಯಂತ್ರಗಳನ್ನು ಗಮನದಲ್ಲಿಟ್ಟುಕೊಂಡು ಇವನ್ನು ಬರೆಯಲಾಗಿದೆ. ಎಲ್ಲ ಉತ್ತರಗಳ ಹಿಂದೆಯೂ ಒಂದೇ ನಿಯಮವಿದೆ: ಎತ್ತುವ ಬೆಲ್ಟ್ ಹರಿದರೂ, ಜಾಕ್ ಸೋತರೂ, ಕೈ ಜಾರಿದರೂ ಯಂತ್ರವು ಒಂದು ಬೆರಳಿನ ದಪ್ಪಕ್ಕಿಂತ ಹೆಚ್ಚು ಕೆಳಗೆ ಬೀಳುವಂತಿರಬಾರದು, ಅದು ವಾಲಬಹುದಾದ ದಿಕ್ಕಿನಲ್ಲಿ ಯಾರೂ ನಿಂತಿರಬಾರದು.

ಯಂತ್ರದ ತೂಕ ಗೊತ್ತಿಲ್ಲ. ತಿಳಿದುಕೊಳ್ಳುವುದು ಹೇಗೆ?

ಕೈಪಿಡಿಯಲ್ಲಿ ಅಥವಾ ಯಂತ್ರದ ಮೈಮೇಲಿನ ಫಲಕದಲ್ಲಿ ತೂಕ ನಮೂದಾಗಿದೆಯೇ ಎಂದು ಮೊದಲು ನೋಡಿ. ಅಲ್ಲಿ ಸಿಗದಿದ್ದರೆ ಅದೇ ಮಾದರಿಯ ಯಂತ್ರ ಇರುವವರನ್ನು ಕೇಳಬಹುದು. ಅದೂ ಆಗದಿದ್ದರೆ ಗಾತ್ರದಿಂದ ಲೆಕ್ಕ ಹಾಕಬೇಕು. ಬೀಡು ಕಬ್ಬಿಣವು ಒಂದು ಲೀಟರ್ ಗಾತ್ರಕ್ಕೆ ಸುಮಾರು 7.2 ಕಿಲೋ, ಉಕ್ಕು ಸುಮಾರು 7.85 ಕಿಲೋ ತೂಗುತ್ತದೆ. 1 ಮೀಟರ್ ಉದ್ದ, 250 ಮಿಲಿಮೀಟರ್ ಅಗಲ, 60 ಮಿಲಿಮೀಟರ್ ದಪ್ಪದ ಬೀಡಿನ ಮೇಜು 15 ಲೀಟರ್ ಗಾತ್ರದ್ದಾದುದರಿಂದ ಅದೊಂದೇ ನೂರು ಕಿಲೋಗಿಂತ ಹೆಚ್ಚು ತೂಗುತ್ತದೆ. ನೋಡಿದವರು ಇದನ್ನು ಇಬ್ಬರು ಸುಲಭವಾಗಿ ಎತ್ತಬಹುದೆಂದು ಭಾವಿಸುತ್ತಾರೆ. ಬೀಡು ಕಬ್ಬಿಣದ ವಿಷಯದಲ್ಲಿ ಕಣ್ಣಿನ ಅಂದಾಜು ಬಹುತೇಕ ಯಾವಾಗಲೂ ಕಡಿಮೆಯ ಕಡೆಗೇ ತಪ್ಪುತ್ತದೆ.

ಮೇಜಿನ ಮೇಲೆ ಕೂರುವ ಅತಿ ಚಿಕ್ಕ ಲೇತ್ ಸುಮಾರು 40 ಕಿಲೋ ಇದ್ದರೆ, ಒಂದು ಮೀಟರ್ ಉದ್ದದ ಲೋಹದ ತುಂಡು ಹಿಡಿಯುವ ಲೇತ್ ಅರ್ಧ ಟನ್ನಿನಿಂದ ಒಂದು ಟನ್ ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ತಿರುಗುವ ತಲೆಯ, ಮೇಲೆ ಕೆಳಗೆ ಸರಿಯುವ ಮೇಜಿನ ಪೂರ್ಣ ಗಾತ್ರದ ಮಿಲ್ಲಿಂಗ್ ಯಂತ್ರ ಸುಮಾರು ಒಂದು ಟನ್ ತೂಗುತ್ತದೆ. ನಿಮ್ಮ ಅಂದಾಜಿಗೆ ಕಾಲು ಭಾಗ ಸೇರಿಸಿ, ಆ ತೂಕಕ್ಕೆ ತಕ್ಕ ಸಲಕರಣೆಯನ್ನೇ ತನ್ನಿ.

ಯಂತ್ರಗಳು ಮಗುಚಿ ಬೀಳುವುದು ಏಕೆ? ಅಷ್ಟು ತೂಕವಿದ್ದರೆ ಗಟ್ಟಿಯಾಗಿ ನಿಲ್ಲಬೇಕಲ್ಲವೇ?

ನೆಲಕ್ಕೆ ಬಿಗಿದು ನಿಲ್ಲಿಸಿದಾಗ ಗಟ್ಟಿಯಾಗಿಯೇ ನಿಲ್ಲುತ್ತವೆ. ಬೋಲ್ಟು ಬಿಚ್ಚಿದ ಕ್ಷಣದಿಂದ ಲೆಕ್ಕ ಬೇರೆ. ಯಂತ್ರದ ಗುರುತ್ವಕೇಂದ್ರದಿಂದ ನೇರ ಕೆಳಕ್ಕೆ ಇಳಿಸಿದ ಗೆರೆ ಅದರ ಪಾದಗಳ ನಡುವಿನ ಜಾಗದೊಳಗೆ ಇರುವ ತನಕ ಯಂತ್ರ ನಿಲ್ಲುತ್ತದೆ, ಅದರಾಚೆಗೆ ಹೋದರೆ ವಾಲುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಭಾರವಾದ ಭಾಗಗಳೆಲ್ಲ ಮೇಲೆ ಇರುತ್ತವೆ, ಕಾಲುಗಳು ಮಾತ್ರ ಟೊಳ್ಳು ಪೆಟ್ಟಿಗೆಗಳಾಗಿರುತ್ತವೆ. ಹೀಗಾಗಿ ಸಾಮಾನ್ಯವಾಗಿ ಊಹಿಸುವುದಕ್ಕಿಂತ ಕಡಿಮೆ ಓರೆಯಲ್ಲೇ ಅವು ಸಮತೋಲ ಕಳೆದುಕೊಳ್ಳುತ್ತವೆ.

ಲೇತಿನ ಭಾರ ಹೆಡ್‌ಸ್ಟಾಕ್ (ಲೋಹದ ತುಂಡನ್ನು ತಿರುಗಿಸುವ ತುದಿ) ಕಡೆಗೆ ವಾಲಿರುತ್ತದೆ. ಮೋಟಾರು ಹಿಂಬದಿಗೆ ತೂಗಿಕೊಂಡಿದ್ದರೆ ಇಡೀ ಯಂತ್ರ ಹಿಂದಕ್ಕೆ ವಾಲಲು ತಯಾರಾಗಿಯೇ ಇರುತ್ತದೆ. ಆದುದರಿಂದ ಟೇಲ್‌ಸ್ಟಾಕನ್ನೂ (ಇನ್ನೊಂದು ತುದಿಯ ಆಸರೆ) ಚಕ್ಕನ್ನೂ (ತುಂಡನ್ನು ಬಿಗಿಹಿಡಿಯುವ ಭಾಗ) ಕಳಚಿ, ಸ್ಯಾಡಲನ್ನು (ಟೂಲನ್ನು ಹೊತ್ತು ಸರಿಯುವ ಭಾಗ) ಟೇಲ್‌ಸ್ಟಾಕ್ ತುದಿಯತ್ತ ಸರಿಸಿ, ಬಿಗಿದು, ಹಿಂಬದಿಯ ಮೋಟಾರನ್ನು ತೆಗೆದಿಟ್ಟರೆ ಸಮತೋಲ ಬಹಳ ಸುಧಾರಿಸುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ತಲೆಯೇ ದೊಡ್ಡ ಸಮಸ್ಯೆ. ತಲೆಯನ್ನು ಹಿಡಿದ ತೋಳನ್ನು ಪೂರ್ತಿ ಹಿಂದಕ್ಕೆ ಎಳೆದು, ಮೇಜನ್ನು ಆದಷ್ಟು ಕೆಳಗಿಳಿಸಿ, ಯಂತ್ರದ ರಚನೆ ಅನುಮತಿಸಿದರೆ ತಲೆಯನ್ನು ತಿರುಗಿಸಿ ಮೋಟಾರು ಕೆಳಗೆ ಬರುವಂತೆ ತಲೆಕೆಳಗಾಗಿಸಿ, ಅದರ ಕೆಳಗೆ ಮರದ ತುಂಡು ಕೊಡುವುದು ರೂಢಿ. ತಲೆ ತಿರುಗಿಸುವಾಗ ಅದರ ಬೋಲ್ಟುಗಳನ್ನು ಪೂರ್ತಿ ಸಡಿಲಿಸಬಾರದು: ಬಿಗಿತ ಸ್ವಲ್ಪವೇ ತಗ್ಗಿಸಿ, ಒಬ್ಬರು ತಲೆಯನ್ನು ಆನಿಸಿ ಹಿಡಿದಿರುವಾಗ ಇನ್ನೊಬ್ಬರು ತಿರುಗಿಸಬೇಕು. ಕಂಬದ ಡ್ರಿಲ್ಲಿಂಗ್ ಯಂತ್ರವನ್ನು ಅದರ ಉದ್ದಕ್ಕೆ ಹೆದರಿ ಎಲ್ಲರೂ ಜಾಗ್ರತೆಯಿಂದ ಹಿಡಿಯುತ್ತಾರೆ, ಆದರೂ ಸಣ್ಣ ಪಾದದಿಂದಾಗಿ ಅದೇ ಬೇಗ ಬೀಳುತ್ತದೆ. ತಲೆಯನ್ನು ಬಿಚ್ಚಿ ಬೇರೆಯಾಗಿ ಒಯ್ಯುವುದೇ ಮೇಲು.

ಬಿಡಿಬಿಡಿಯಾಗಿ ಬಿಚ್ಚಿ ಸಾಗಿಸಬೇಕೇ, ಇಡಿಯಾಗಿಯೇ ಸಾಗಿಸಬೇಕೇ?

ಸಾಧಿಸಬಹುದಾದರೆ ಮುಖ್ಯ ಮೈಯನ್ನು ಇಡಿಯಾಗಿಯೇ ಉಳಿಸಿ, ಸುಲಭವಾಗಿ ಕಳಚುವ ಭಾಗಗಳನ್ನಷ್ಟೇ ತೆಗೆಯಿರಿ. ಚಕ್, ಟೇಲ್‌ಸ್ಟಾಕ್, ಟೂಲ್ ಪೋಸ್ಟ್, ಮೋಟಾರು, ವೈಸ್, ಕೂಲಂಟ್ ತೊಟ್ಟಿ, ಲೋಹದ ಚೂರು ಬೀಳುವ ತಟ್ಟೆ, ಹಿಡಿಕೆಗಳು ಈ ಗುಂಪಿಗೆ ಸೇರುತ್ತವೆ. ಮಿಲ್ಲಿಂಗ್ ಯಂತ್ರದ ಮೇಜನ್ನೂ ತೆಗೆಯಬಹುದು, ಆದರೆ ಅದನ್ನು ಹೊರಗೆಳೆಯುವಾಗ ತುದಿಯ ಭಾರವನ್ನು ಆನಿಸಿಕೊಳ್ಳಲು ಕೆಳಗೆ ಆಧಾರ ಇರಲೇಬೇಕು.

ಲೇತಿನ ಹೆಡ್‌ಸ್ಟಾಕನ್ನು ಬೆಡ್ಡಿನಿಂದ, ಅಂದರೆ ಎಲ್ಲವನ್ನೂ ಹೊತ್ತ ಉದ್ದನೆಯ ತಳದಿಂದ, ಬೇರ್ಪಡಿಸುವುದು ಮಾತ್ರ ಕೊನೆಯ ಉಪಾಯ. ಕೆಲವು ಯಂತ್ರಗಳಲ್ಲಿ ಹೆಡ್‌ಸ್ಟಾಕ್ ಬೆಡ್ಡಿನ ಮೇಲಿನ ವಿ ಆಕಾರದ ಹಳಿಗಳ ಮೇಲೆ ಕೂತಿರುತ್ತದೆ, ಶುಚಿಯಾಗಿ ಮರಳಿ ಇಟ್ಟರೆ ಬಹುತೇಕ ಹಳೆಯ ಸ್ಥಾನಕ್ಕೇ ಬರುತ್ತದೆ. ಇನ್ನು ಕೆಲವದರಲ್ಲಿ ಅದು ಸಮತಟ್ಟು ಮೈಮೇಲೆ ತಿರುಪುಗಳಿಂದ ಹೊಂದಿಸಲ್ಪಟ್ಟಿರುತ್ತದೆ. ಅದನ್ನು ಒಮ್ಮೆ ಕದಲಿಸಿದರೆ ಸ್ಪಿಂಡಲನ್ನು (ತಿರುಗುವ ಮುಖ್ಯ ದಂಡವನ್ನು) ಬೆಡ್ಡಿಗೆ ಮತ್ತೆ ಸಮಾನಾಂತರಗೊಳಿಸುವ ಕೆಲಸ ಮೊದಲಿನಿಂದ ಮಾಡಬೇಕಾಗುತ್ತದೆ. ಬಾಗಿಲು ಸಣ್ಣದೆಂಬ ಕಾರಣಕ್ಕೆ ಈ ನಿರ್ಧಾರಕ್ಕೆ ಬರುವ ಮೊದಲು ಬಾಗಿಲಿನ ಚೌಕಟ್ಟನ್ನೇ ಬಿಚ್ಚಲಾಗುತ್ತದೆಯೇ ಎಂದು ನೋಡಿ.

ಬಿಚ್ಚಿದ್ದನ್ನು ಮತ್ತೆ ಸರಿಯಾಗಿ ಜೋಡಿಸಲು ಏನೇನು ಗುರುತು ಮಾಡಿಕೊಳ್ಳಬೇಕು?

ಪ್ರತಿ ಭಾಗವನ್ನು ಬಿಚ್ಚುವ ಮುಂಚೆ ಎರಡು ಮೂರು ಕೋನಗಳಿಂದ ಫೋಟೊ ತೆಗೆಯಿರಿ: ಒಂದು ದೂರದಿಂದ, ಒಂದು ಹತ್ತಿರದಿಂದ. ಬೋಲ್ಟುಗಳನ್ನು ಸಾಧ್ಯವಾದಲ್ಲೆಲ್ಲ ಅವುಗಳ ತೂತಿಗೇ ಮರಳಿ ಕೈಯಿಂದ ತಿರುಗಿಸಿಡಿ. ಉಳಿದವನ್ನು ಸಣ್ಣ ಚೀಲಗಳಲ್ಲಿ ಹಾಕಿ, ಯಾವ ಭಾಗದ್ದೆಂದು ಎಣ್ಣೆಗೆ ಅಳಿಸದ ಪೆನ್ನಿನಿಂದ ಬರೆಯಿರಿ. ಹಲ್ಲುಚಕ್ರಗಳ ಸರಣಿಯಲ್ಲಿ ಯಾವುದು ಯಾವುದರ ಜೊತೆ, ಯಾವ ಮುಖ ಹೊರಗೆ ಎಂಬುದನ್ನು ಬರೆದಿಡಿ. ವೈರುಗಳ ಎರಡೂ ತುದಿಗೆ ಒಂದೇ ಸಂಖ್ಯೆ ಅಂಟಿಸಿ.

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವುದು ತೆಳು ತಗಡಿನ ಚೂರುಗಳ, ಅಂದರೆ ಶಿಮ್‌ಗಳ, ಅಲಕ್ಷ್ಯ. ಮೋಟಾರಿನ ಕೆಳಗೆ, ಬೇರಿಂಗ್ ಮುಚ್ಚಳದ ಸಂದಿನಲ್ಲಿ, ಪಾದದ ಅಡಿಯಲ್ಲಿ ಸಿಕ್ಕಿದ ಒಂದು ಕಾಗದದಷ್ಟು ತೆಳುವಾದ ಹಿತ್ತಾಳೆಯ ಚೂರನ್ನು ಕೊಳೆಯೆಂದು ಎಸೆಯಬಾರದು. ಅದನ್ನು ಅಲ್ಲಿಟ್ಟವರು ಯಾವುದೋ ಓರೆಯನ್ನು ತಿದ್ದಲೆಂದೇ ಇಟ್ಟಿದ್ದಾರೆ. ಎಲ್ಲಿ ಸಿಕ್ಕಿತು, ಎಷ್ಟು ದಪ್ಪ ಎಂದು ಬರೆದು ಆಯಾ ಬೋಲ್ಟಿನ ಜೊತೆಗೇ ಇರಿಸಿ. ಒಂದು ತುದಿ ಸಣ್ಣಗಿರುವ ಟೇಪರ್ ಪಿನ್ನುಗಳನ್ನು ಸಣ್ಣ ತುದಿಯ ಕಡೆಯಿಂದಲೇ ಬಡಿದು ಹೊರತೆಗೆಯಬೇಕು; ತಿರುಗುಮುರುಗಾಗಿ ಬಡಿದರೆ ಪಿನ್ನು ಇನ್ನಷ್ಟು ಬಿಗಿಯಾಗಿ ತೂತನ್ನೂ ಕೆಡಿಸುತ್ತದೆ.

ಪ್ಲಗ್ ಕಿತ್ತರೆ ವಿದ್ಯುತ್ತಿನ ಅಪಾಯ ಮುಗಿಯಿತೇ?

ಪ್ಲಗ್ ಇರುವ ಯಂತ್ರದಲ್ಲಿ ಬಹುತೇಕ ಮುಗಿಯುತ್ತದೆ, ಪೂರ್ತಿಯಾಗಿ ಅಲ್ಲ. ಮೋಟಾರಿನ ವೇಗ ಬದಲಿಸುವ ಇನ್ವರ್ಟರ್ ಡ್ರೈವ್ ಇದ್ದರೆ ಅದರೊಳಗಿನ ಕೆಪಾಸಿಟರ್‌ಗಳು ವಿದ್ಯುತ್ ಕಡಿದ ನಂತರವೂ ಹಲವು ನಿಮಿಷ ಅಪಾಯಕಾರಿ ವೋಲ್ಟೇಜನ್ನು ಹಿಡಿದಿಟ್ಟುಕೊಂಡಿರುತ್ತವೆ. ಡ್ರೈವಿನ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 5ರಿಂದ 10 ನಿಮಿಷ, ಕಾದು ಮೀಟರಿನಿಂದ ಅಳೆದ ಮೇಲೆಯೇ ಮುಚ್ಚಳ ತೆಗೆಯಿರಿ. ಒಂದು ಫೇಸಿನ ಮೋಟಾರಿನ ಸ್ಟಾರ್ಟ್ ಕೆಪಾಸಿಟರಿಗೂ ಇದೇ ಎಚ್ಚರ ಬೇಕು. ಗೋಡೆಯ ಪೆಟ್ಟಿಗೆಗೆ ನೇರವಾಗಿ ಜೋಡಿಸಿದ ಯಂತ್ರವನ್ನು ಎಲೆಕ್ಟ್ರಿಷಿಯನ್ ಒಬ್ಬರು ಬಿಡಿಸಬೇಕು. ಬಿಡಿಸುವ ತನಕ ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈಯನ್ನು ಕೆಲಸ ಮಾಡುವವರೇ ಇಟ್ಟುಕೊಳ್ಳಬೇಕು.

ಹಳೆಯ ಯಂತ್ರವನ್ನು ಒಯ್ಯುವ ಮೊದಲೇ ಉಜ್ಜಿ ಬಣ್ಣ ಬಳಿಯಬಹುದೇ?

ಒಣಗಿದ ಹಳೆ ಬಣ್ಣವನ್ನು ಉಜ್ಜುವುದು ಬೇಡ. ಹಳೆಯ ಯಂತ್ರಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ, ಅದರ ಧೂಳು ಮನೆಯೊಳಗೆ ಹರಡಿದರೆ ಮಕ್ಕಳಿಗೆ ಹೆಚ್ಚು ಹಾನಿ. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಆಸ್‌ಬೆಸ್ಟಾಸ್ ಇದ್ದೀತು. ಅಲ್ಲಿನ ಧೂಳನ್ನು ಗಾಳಿ ಊದಿ ಹಾರಿಸಬಾರದು. ಜಿಡ್ಡನ್ನು ಬಟ್ಟೆಯಿಂದ ಒರೆಸಿ ತೆಗೆಯುವುದಷ್ಟು ಸಾಗಣೆಗೆ ಸಾಕು. ಜಿಡ್ಡಿನ ಮೇಲೆ ಬೆಲ್ಟೂ ಜಾರುತ್ತದೆ, ಕೈಯೂ ಜಾರುತ್ತದೆ ಎಂಬ ಕಾರಣಕ್ಕೆ ಇಷ್ಟನ್ನು ಮಾತ್ರ ಬಿಡದೆ ಮಾಡಿ.

ದಾರಿಯನ್ನೂ ನೆಲವನ್ನೂ ಹೇಗೆ ಪರೀಕ್ಷಿಸಬೇಕು?

ಯಂತ್ರ ಹೊರಡುವ ಜಾಗದಿಂದ ಕೂರುವ ಜಾಗದವರೆಗೆ ಅಳತೆಪಟ್ಟಿ ಹಿಡಿದು ನಡೆಯಿರಿ. ಬಾಗಿಲಿನ ಅಗಲವನ್ನು ಚೌಕಟ್ಟಿನ ಒಳಗಿನಿಂದ, ಬಾಗಿಲ ರೆಕ್ಕೆಯ ದಪ್ಪ ಕಳೆದು ಅಳೆಯಬೇಕು. ಎತ್ತರದ ಲೆಕ್ಕಕ್ಕೆ ರೋಲರ್ ಅಥವಾ ಗಾಲಿಯ ಎತ್ತರವನ್ನು ಸೇರಿಸಬೇಕು. ಹೊಸ್ತಿಲು, ಚರಂಡಿಯ ಮುಚ್ಚಳ, ಮೆತ್ತನೆ ಮಣ್ಣು, ನೆಲದಡಿಯ ತೊಟ್ಟಿ ಇವು ದಾರಿಯಲ್ಲಿದ್ದರೆ ಅವುಗಳ ಮೇಲೆ ಉಕ್ಕಿನ ಹಾಳೆ ಹಾಸಿದರಷ್ಟೇ ಸಾಲದು. ಹಾಳೆಯ ಎರಡೂ ತುದಿ ಗಟ್ಟಿ ನೆಲದ ಮೇಲೆ ಕೂತಿರಬೇಕು, ನಡುವೆ ಬಾಗದಷ್ಟು ದಪ್ಪವಿರಬೇಕು. ತೊಟ್ಟಿಯ ಮುಚ್ಚಳವನ್ನು ತಪ್ಪಿಸಿ ಸುತ್ತಿ ಹೋಗಲು ಸಾಧ್ಯವಿದ್ದರೆ ಹಾಗೆಯೇ ಹೋಗಿ.

ನೆಲದ ಮೇಲೆ ನೇರ ಹಾಸಿದ ಕಾಂಕ್ರೀಟ್ ಮನೆಯ ಯಂತ್ರಗಳಿಗೆ ಒಳ್ಳೆಯ ಜಾಗ. ಹೊಸದಾಗಿ ಸುರಿದ ಕಾಂಕ್ರೀಟಾದರೆ ಅದರ ಬಲವನ್ನು ಲೆಕ್ಕ ಹಾಕುವುದು 28 ದಿನಗಳಿಗೆ. ಅಷ್ಟು ದಿನ ಕಾಯಿರಿ. ಮಹಡಿಯ ನೆಲದ ಮಾತೇ ಬೇರೆ. ವಾಸದ ಕೋಣೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕಿಲೋ ಭಾರ ಹರಡಿಕೊಂಡಿರುತ್ತದೆಂಬ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ. ಅರ್ಧ ಟನ್ನಿನ ಲೇತ್ ಒಂದು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗದಲ್ಲಿ, ಅದೂ ಕೆಲವೇ ಪಾದಗಳ ಮೇಲೆ, ನಿಲ್ಲುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ನೋಡಿ ಒಪ್ಪಿದ ಹೊರತು ಮಹಡಿಗೆ ಅಂಥ ಯಂತ್ರ ಏರಿಸಬೇಡಿ.

ಜಾಕಿನಿಂದ ಎತ್ತುವ ಸರಿಯಾದ ಕ್ರಮ ಯಾವುದು?

ಎತ್ತುವುದು ಜಾಕ್, ಹೊರುವುದು ಮರ. ಈ ವ್ಯತ್ಯಾಸವನ್ನು ಎಂದೂ ಮರೆಯಬಾರದು. ಹೈಡ್ರಾಲಿಕ್ ಜಾಕಿನ ಒಳಗಿನ ಒಂದು ರಬ್ಬರ್ ಉಂಗುರ ಸೋತರೆ ಅದು ಮುನ್ಸೂಚನೆ ಇಲ್ಲದೆ ಕುಸಿಯುತ್ತದೆ. ಆದುದರಿಂದ ಯಂತ್ರದ ಒಂದು ಬದಿಯನ್ನು ಸನ್ನೆಕೋಲಿನಿಂದಲೋ ಜಾಕಿನಿಂದಲೋ ಒಂದು ಹಲಗೆ ದಪ್ಪದಷ್ಟು ಎತ್ತಿ, ಕೂಡಲೇ ಹಲಗೆ ತಳ್ಳಿ, ಭಾರವನ್ನು ಹಲಗೆಯ ಮೇಲೆ ಇಳಿಸಿ, ಆಮೇಲೆ ಇನ್ನೊಂದು ಬದಿಗೆ ಹೋಗಬೇಕು. ಎರಡೂ ಬದಿಗಳನ್ನು ಒಟ್ಟಿಗೆ ಗಾಳಿಯಲ್ಲಿ ಬಿಡಬಾರದು. ಒಂದು ಬದಿಯನ್ನು ಇನ್ನೊಂದಕ್ಕಿಂತ ಬಹಳ ಎತ್ತರಕ್ಕೂ ಏರಿಸಬಾರದು.

ಮರದ ತುಂಡುಗಳು ಚೌಕನಾಗಿ, ಬಿರುಕಿಲ್ಲದೆ, ಒಂದೇ ದಪ್ಪದವಾಗಿರಬೇಕು. ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ ಎಂಬಂತೆ ಪೇರಿಸಿ. ಪೇರಿಕೆಯ ಎತ್ತರ ಅದರ ತಳದ ಅಗಲವನ್ನು ಮೀರದಂತೆ ನೋಡಿಕೊಳ್ಳಿ. ಇಟ್ಟಿಗೆ ಮತ್ತು ಟೊಳ್ಳು ಸಿಮೆಂಟ್ ಬ್ಲಾಕುಗಳನ್ನು ಬಳಸಲೇಬೇಡಿ, ಏಕೆಂದರೆ ಮರ ಸೋಲುವ ಮೊದಲು ಕಿರುಗುಟ್ಟುತ್ತದೆ, ಸೀಳುತ್ತದೆ, ಅವು ಒಮ್ಮೆಗೇ ಪುಡಿಯಾಗುತ್ತವೆ. ಹಲಗೆಯನ್ನು ತಳ್ಳುವಾಗ ಅದರ ಪಕ್ಕಗಳನ್ನು ಹಿಡಿದು ತಳ್ಳಿ, ಅಥವಾ ಇನ್ನೊಂದು ಕೋಲಿನಿಂದ ನೂಕಿ. ಬೆರಳು ಹಲಗೆಯ ಮೇಲೂ ಇರಬಾರದು, ಕೆಳಗೂ ಇರಬಾರದು. ಎತ್ತುವ ಸನ್ನೆಕೋಲಿನ ಮೊನೆ ಬೀಡಿನ ಬಿಗುವಾದ ಭಾಗಕ್ಕೆ ತಾಗಬೇಕು, ತಗಡಿನ ತಟ್ಟೆಗೋ ಎಣ್ಣೆ ಕೊಳವೆಗೋ ಅಲ್ಲ.

ಬೆಲ್ಟ್ ಹಾಕಿ ಎತ್ತುವಾಗ ಬೆಲ್ಟಿನ ಎರಡು ಕಾಲುಗಳ ನಡುವಿನ ಕೋನ ಏಕೆ ಮುಖ್ಯ?

ಕೊಕ್ಕೆಯಿಂದ ಇಳಿಯುವ ಎರಡು ಕಾಲುಗಳು ನೇರವಾಗಿದ್ದರೆ 1000 ಕಿಲೋ ಯಂತ್ರದ ಭಾರ ಒಂದೊಂದಕ್ಕೆ 500 ಕಿಲೋ ಹಂಚಿಹೋಗುತ್ತದೆ. ಕಾಲುಗಳು ಸಮತಲಕ್ಕೆ 60 ಡಿಗ್ರಿಯಲ್ಲಿ ಚಾಚಿದ್ದರೆ ಪ್ರತಿಯೊಂದರ ಎಳೆತ 577 ಕಿಲೋ ಆಗುತ್ತದೆ, 45 ಡಿಗ್ರಿಯಲ್ಲಿ 707, 30 ಡಿಗ್ರಿಗೆ ಇಳಿದರೆ ಒಂದೊಂದು ಕಾಲೂ ಪೂರ್ತಿ 1000 ಕಿಲೋವನ್ನೇ ಎಳೆಯುತ್ತಿರುತ್ತದೆ. ಛಾವಣಿ ತಗ್ಗಾಗಿರುವ ಮನೆಯ ಶೆಡ್ಡುಗಳಲ್ಲಿ ಕಾಲುಗಳನ್ನು ಗಿಡ್ಡ ಮಾಡಿ ಚಪ್ಪಟೆ ಕೋನದಲ್ಲಿ ಎತ್ತುವ ಆಸೆಯಾಗುತ್ತದೆ. 60 ಡಿಗ್ರಿಗಿಂತ ಕೆಳಗೆ ಹೋಗದಿರುವುದು ಒಳ್ಳೆಯದು. 45ಕ್ಕಿಂತ ಕೆಳಗೆ ಖಂಡಿತ ಬೇಡ.

ಬೆಲ್ಟಿನ ಮೇಲೆ ಹೊಲಿದ ಚೀಟಿಯಲ್ಲಿ ಅದರ ಸಾಮರ್ಥ್ಯವಿರುತ್ತದೆ. ಯುರೋಪಿನ ಇಎನ್ 1492 ಮಾನದಂಡವನ್ನು ಅನುಸರಿಸುವ ಬೆಲ್ಟುಗಳಲ್ಲಿ ನೇರಳೆ ಬಣ್ಣ 1 ಟನ್, ಹಸಿರು 2 ಟನ್, ಹಳದಿ 3 ಟನ್ ಎಂಬ ಸಂಕೇತವೂ ಇದೆ. ಚೀಟಿ ಹರಿದುಹೋದ, ಅಂಚು ಕತ್ತರಿಸಿದ, ಬಿಸಿಲಿಗೆ ಗಟ್ಟಿಯಾದ ಬೆಲ್ಟನ್ನು ಎತ್ತಲು ಬಳಸಬೇಡಿ. ಕುಣಿಕೆಯಂತೆ ಬಿಗಿಯುವ ಕಟ್ಟಿನಲ್ಲಿ ಬೆಲ್ಟಿನ ಸಾಮರ್ಥ್ಯ ಸುಮಾರು ಶೇಕಡ 80ಕ್ಕೆ ಇಳಿಯುತ್ತದೆ. ಸರಕು ಕಟ್ಟುವ ರ‍್ಯಾಚೆಟ್ ಪಟ್ಟಿ ಎತ್ತುವ ಸಾಧನವಲ್ಲ, ಅದೆಷ್ಟು ದಪ್ಪವಾಗಿದ್ದರೂ ಸರಿ.

ಲೇತನ್ನು ಎತ್ತುವಾಗ ಬೆಲ್ಟ್ ಬೆಡ್ಡಿನ ಕೆಳಗಿನ ಅಡ್ಡಪಟ್ಟಿಗಳ ಬಳಿ ಹಾಯ್ದು ಬರಬೇಕು. ಸ್ಯಾಡಲನ್ನು ಸರಿಸುವ ಉದ್ದ ದಂಡಗಳಾದ ಲೀಡ್ ಸ್ಕ್ರೂ ಮತ್ತು ಫೀಡ್ ರಾಡ್ ಮೇಲೆ ಅದು ಒತ್ತಿದರೆ ಅವು ಬಾಗುತ್ತವೆ, ಬಾಗಿದ ಲೀಡ್ ಸ್ಕ್ರೂವನ್ನು ಮನೆಯಲ್ಲಿ ನೆಟ್ಟಗೆ ಮಾಡುವುದು ಬಹಳ ಕಷ್ಟ. ಸ್ಪಿಂಡಲಿಗೆ ಎಂದೂ ಬೆಲ್ಟ್ ಹಾಕಬಾರದು. ಚೂಪು ಅಂಚುಗಳಿಗೆ ಮರದ ಇಲ್ಲವೇ ದಪ್ಪ ಚರ್ಮದ ಮೆತ್ತೆ ಕೊಡಿ. ತಯಾರಕರು ಐ ಬೋಲ್ಟಿಗಾಗಿ (ತಲೆಯಲ್ಲಿ ಬಳೆಯಿರುವ ಬೋಲ್ಟ್) ತೂತು ಕೊಟ್ಟಿದ್ದರೆ ಅದನ್ನೇ ಬಳಸಿ. ಬಳೆಯ ಕೆಳಗೆ ಅಗಲವಾದ ಭುಜವಿಲ್ಲದ ಐ ಬೋಲ್ಟನ್ನು ನೇರ ಮೇಲಕ್ಕೆ ಮಾತ್ರ ಎಳೆಯಬೇಕು, ಓರೆಯಾಗಿ ಎಳೆದರೆ ಅದು ಬಾಗಿ ಮುರಿಯುತ್ತದೆ.

ಮೋಟಾರು ವಾಹನದ ಎಂಜಿನ್ ಎತ್ತುವ ಮಡಚುವ ಕ್ರೇನ್ ಸಾಕಾಗುತ್ತದೆಯೇ?

ಹಗುರ ಯಂತ್ರಗಳಿಗೆ ಸಾಕು, ಅದೂ ತೋಳಿನ ಲೆಕ್ಕ ಗೊತ್ತಿದ್ದರೆ. ಎರಡು ಟನ್ ಎಂದು ಬರೆದ ಕ್ರೇನಿನಲ್ಲಿ ಆ ಸಾಮರ್ಥ್ಯ ತೋಳು ಪೂರ್ತಿ ಒಳಗಿರುವಾಗಿನದು. ತೋಳನ್ನು ಕೊನೆಯ ತೂತಿನವರೆಗೆ ಚಾಚಿದರೆ ಅದು ಅರ್ಧ ಟನ್ನಿಗೆ ಇಳಿದಿರುವುದು ಸಾಮಾನ್ಯ. ಪ್ರತಿ ತೂತಿನ ಬಳಿ ಬರೆದ ಅಂಕಿಯನ್ನು ಓದಿ. ಯಂತ್ರವನ್ನು ನೇತುಹಾಕಿಕೊಂಡು ಈ ಕ್ರೇನನ್ನು ದೂರ ತಳ್ಳುವುದು ಅಪಾಯ, ಏಕೆಂದರೆ ಸಣ್ಣ ಗಾಲಿಗೆ ಒಂದು ಕಲ್ಲು ಸಿಕ್ಕರೂ ನೇತಾಡುವ ಭಾರ ಮುಂದಕ್ಕೆ ತೂಗಿ ಕ್ರೇನನ್ನೇ ಉರುಳಿಸುತ್ತದೆ. ಎತ್ತಿ, ಕೆಳಗಿನದನ್ನು ಸರಿಸಿ, ಅಲ್ಲಿಯೇ ಇಳಿಸಿ. ಛಾವಣಿಯ ತೊಲೆಗೆ ಚೈನ್ ಪುಲ್ಲಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ: ಛಾವಣಿಯ ತೊಲೆಗಳು ಛಾವಣಿಯನ್ನು ಹೊರಲು ಇರುವುವು, ಅವುಗಳ ನಡುವಿಗೆ ಅರ್ಧ ಟನ್ ನೇತುಹಾಕುವ ಲೆಕ್ಕವನ್ನು ಯಾರೂ ಹಾಕಿರುವುದಿಲ್ಲ.

ಸಮತಟ್ಟು ನೆಲದ ಮೇಲೆ ಸರಿಸಲು ಯಾವುದು ಉತ್ತಮ?

ಮನೆಯವರಿಗೆ ಉಕ್ಕಿನ ಪೈಪುಗಳೇ ಅತ್ಯುತ್ತಮ ಎಂಬುದು ನನ್ನ ಅಭಿಪ್ರಾಯ. ಒಂದೇ ವ್ಯಾಸದ, ಸೊಟ್ಟಗಾಗದ ಐದಾರು ಪೈಪುಗಳು, ಯಂತ್ರದ ಕೆಳಗೆ ಬೋಲ್ಟಿನಿಂದ ಬಿಗಿದ ಎರಡು ದಪ್ಪ ಮರದ ಹಳಿಗಳು, ಇಷ್ಟಿದ್ದರೆ ಒಂದು ಟನ್ ಯಂತ್ರ ನಯವಾದ ಕಾಂಕ್ರೀಟಿನ ಮೇಲೆ ಅದರ ತೂಕದ ಕೆಲವೇ ಶೇಕಡದಷ್ಟು ಎಳೆತಕ್ಕೆ ಸರಿಯುತ್ತದೆ. ಹಳಿಗಳು ಯಂತ್ರದ ಪಾದಕ್ಕಿಂತ ಎರಡೂ ಕಡೆ ಅಗಲವಾಗಿ ಚಾಚಿದ್ದರೆ ಮಗುಚುವ ಭಯವೂ ಕಡಿಮೆಯಾಗುತ್ತದೆ. ಯಂತ್ರದ ಕೆಳಗೆ ಎಲ್ಲ ಕಾಲಕ್ಕೂ ಮೂರು ಪೈಪಾದರೂ ಇರಬೇಕು, ಹಿಂದೆ ಹೊರಬಂದದ್ದನ್ನು ಮುಂದೆ ತಂದಿಡಬೇಕು. ತಿರುಗಬೇಕಾದಲ್ಲಿ ಪೈಪುಗಳನ್ನು ಓರೆಯಾಗಿಟ್ಟು, ತುದಿಗೆ ಸುತ್ತಿಗೆಯಿಂದ ತಟ್ಟಿ ದಿಕ್ಕು ಬದಲಿಸಬಹುದು. ಕೈಯಿಂದ ಪೈಪನ್ನು ಹಿಡಿದು ಸರಿಪಡಿಸಲು ಹೋಗಬಾರದು.

ಗಾಲಿಗಳಿರುವ ಪ್ಯಾಲೆಟ್ ಟ್ರಕ್ಕಿನಲ್ಲಿ ವೇಗ ಹೆಚ್ಚು, ಆದರೆ ಅದರ ತಳ ಕಿರಿದು. ಮಿಲ್ಲಿಂಗ್ ಯಂತ್ರವನ್ನು ಅಗಲವಾದ ಹಲಗೆಗೆ ಬೋಲ್ಟು ಹಾಕದೆ ಅದರ ಮೇಲೆ ಏರಿಸಬೇಡಿ.

ಇಳಿಜಾರು ಮತ್ತು ಮೆಟ್ಟಿಲುಗಳಲ್ಲಿ ಏನು ಮಾಡಬೇಕು?

12 ಅಡಿಗೆ 1 ಅಡಿ ಇಳಿಯುವ ಸೌಮ್ಯ ಇಳಿಜಾರಿನಲ್ಲೂ 1000 ಕಿಲೋ ಯಂತ್ರ ಸುಮಾರು 83 ಕಿಲೋ ಬಲದಿಂದ ತಾನೇ ಕೆಳಗೆ ಜಾರಲು ನೋಡುತ್ತದೆ. ಅದನ್ನು ಮನುಷ್ಯರು ತಡೆಹಿಡಿಯುವ ಯೋಚನೆಯೇ ತಪ್ಪು. ಮೇಲ್ಗಡೆ ಗಟ್ಟಿಯಾದ ಆಧಾರಕ್ಕೆ ಕಟ್ಟಿದ ಕೈ ವಿಂಚಿನಿಂದ ಇಷ್ಟಿಷ್ಟೇ ಬಿಡುತ್ತ ಇಳಿಸಬೇಕು, ಪಕ್ಕದಲ್ಲಿ ನಿಂತು ಕೆಳಬದಿಗೆ ಕೊಟ್ಟ ಬೆಣೆಗಳನ್ನು ಸರಿಸುತ್ತ ಬರಬೇಕು, ಕೆಳಬದಿಯಲ್ಲಿ ಯಾರೂ ಇರಬಾರದು. ಎಳೆಯುವ ಹಗ್ಗವನ್ನು ಯಂತ್ರದ ತಗ್ಗಿನ ಭಾಗಕ್ಕೆ ಕಟ್ಟಿ. ಮೇಲೆ ಕಟ್ಟಿದರೆ ಅದು ಯಂತ್ರವನ್ನು ಮಗುಚುತ್ತದೆ. ಬಿಗಿದ ಹಗ್ಗದ ನೇರದಲ್ಲಿ ನಿಲ್ಲಬೇಡಿ.

ಮೆಟ್ಟಿಲುಗಳಿಗೆ ಚಿಕ್ಕ ಉತ್ತರ: ಭಾಗಗಳಾಗಿ ಬಿಚ್ಚಿ, ಅಥವಾ ಬೇರೆ ಜಾಗ ಹುಡುಕಿ.

ವಾಹನದಲ್ಲಿ ಹೇಗೆ ಕಟ್ಟಬೇಕು?

ಸರಕು ಕಟ್ಟುವ ಲೆಕ್ಕದಲ್ಲಿ ರಸ್ತೆ ವಾಹನಗಳಿಗೆ ರೂಢಿಯಲ್ಲಿರುವ ಯುರೋಪಿನ ಮಾನದಂಡ ಇದು: ಮುಂದಕ್ಕೆ ತೂಕದ ಶೇಕಡ 80, ಪಕ್ಕಕ್ಕೂ ಹಿಂದಕ್ಕೂ ಶೇಕಡ 50ರಷ್ಟು ಬಲವನ್ನು ಕಟ್ಟುಗಳು ತಡೆಯಬೇಕು. ಎಂದರೆ ಒಂದು ಟನ್ ಯಂತ್ರ ಜೋರಾಗಿ ಬ್ರೇಕ್ ಹಾಕಿದಾಗ ಚಾಲಕನ ಬೆನ್ನಿನ ಕಡೆಗೆ 800 ಕಿಲೋ ಬಲದಿಂದ ನುಗ್ಗಲು ಯತ್ನಿಸುತ್ತದೆ. ಮೇಲಿನಿಂದ ಹಾಯಿಸಿ ಕೆಳಕ್ಕೆ ಬಿಗಿದ ಒಂದು ಪಟ್ಟಿ ಇದಕ್ಕೆ ಸಾಲದು. ನಾಲ್ಕು ಮೂಲೆಗಳಿಗೆ ಓರೆಯಾಗಿ ಎಳೆದ ಪಟ್ಟಿಗಳು, ಮುಂಬದಿಯಲ್ಲಿ ವಾಹನದ ನೆಲಕ್ಕೆ ಬಡಿದ ಮರದ ತಡೆ, ಯಂತ್ರದಡಿಯಲ್ಲಿ ಜಾರದ ರಬ್ಬರ್ ಹಾಳೆ ಇವು ಸೇರಬೇಕು. ಪೈಪು, ಗಾಲಿ, ಜಾಕ್ ಇವುಗಳ ಮೇಲೆ ನಿಲ್ಲಿಸಿಯೇ ಪ್ರಯಾಣ ಮಾಡಬಾರದು. ಯಂತ್ರ ವಾಹನದ ನೆಲದ ಮೇಲೆ ಕೂತಿರಬೇಕು. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಿರಿ, ಮೊದಲ ಅಲುಗಾಟಕ್ಕೇ ಅವು ಸಡಿಲಾಗುತ್ತವೆ.

ಎಷ್ಟು ಜನ ಬೇಕು? ಅವರು ಏನು ಧರಿಸಬೇಕು?

ಮೂವರು ಗಮನವಿಟ್ಟು ಕೆಲಸ ಮಾಡುವವರು ಹತ್ತು ಜನ ಉತ್ಸಾಹಿಗಳಿಗಿಂತ ಮೇಲು. ಅಪ್ಪಣೆ ಕೊಡುವವರು ಒಬ್ಬರೇ ಇರಬೇಕು, ಆದರೆ ನಿಲ್ಲಿಸಿ ಎಂದು ಕೂಗುವ ಹಕ್ಕು ಎಲ್ಲರಿಗೂ ಇರಬೇಕು. ಗಟ್ಟಿ ಮೂತಿಯ ಶೂ, ಕೈಗವಸು ಧರಿಸಿ. ಉಂಗುರ, ಬಳೆ, ಸರ ತೆಗೆದಿಡಿ. ಯಂತ್ರ ಚಾಲೂ ಮಾಡುವ ಹೊತ್ತಿಗೆ ಕೈಗವಸು ಕಳಚಬೇಕು, ತಿರುಗುವ ಭಾಗಕ್ಕೆ ಅದು ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಮಕ್ಕಳೂ ಸಾಕುಪ್ರಾಣಿಗಳೂ ಆ ದಿನ ಅಂಗಳದಲ್ಲಿರದಂತೆ ವ್ಯವಸ್ಥೆ ಮಾಡಿ.

ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತನ್ನು ಕೆಲಸ ಆರಂಭಿಸುವ ಮೊದಲು ಗಟ್ಟಿಯಾಗಿ ಹೇಳಿ, ಎಲ್ಲರಿಂದಲೂ ಒಪ್ಪಿಗೆ ಪಡೆಯಿರಿ: ಯಂತ್ರ ವಾಲಿತೆಂದರೆ ಯಾರೂ ಅದನ್ನು ಹಿಡಿಯಲು ಹೋಗಬಾರದು, ಪಕ್ಕಕ್ಕೆ ಸರಿಯಬೇಕು. ಬೀಳುವ ವಸ್ತುವಿಗೆ ಕೈಚಾಚುವುದು ಮನುಷ್ಯನ ಸಹಜ ಪ್ರವೃತ್ತಿ. ಮೊದಲೇ ಮಾತಾಡಿಕೊಂಡಿರದಿದ್ದರೆ ಆ ಕ್ಷಣದಲ್ಲಿ ವಿವೇಕ ಕೆಲಸ ಮಾಡುವುದಿಲ್ಲ.

ವೃತ್ತಿಪರರನ್ನು ಕರೆಯಬೇಕಾದದ್ದು ಯಾವಾಗ?

ತೂಕ ಒಂದು ಟನ್ ಮೀರಿದಾಗ, ಮೆಟ್ಟಿಲು ಅಥವಾ ಕಡಿದಾದ ಇಳಿಜಾರು ಇದ್ದಾಗ, ಯಂತ್ರವನ್ನು ಆಳೆತ್ತರಕ್ಕೆ ಎತ್ತಬೇಕಾದಾಗ, ಅಥವಾ ನಿಮ್ಮ ಯೋಜನೆಯ ಒಂದು ಹಂತದಲ್ಲಿ ಹೇಗೋ ಆದೀತು ಎಂಬ ಮಾತು ಬಂದಾಗ. ಲಾರಿಯಿಂದ ಬಾಗಿಲವರೆಗಿನ ಕೆಲಸವನ್ನು ಮಾತ್ರ ಅವರಿಗೆ ಒಪ್ಪಿಸಿ ಉಳಿದದ್ದನ್ನು ನೀವೇ ನಿಧಾನವಾಗಿ ಮಾಡುವುದೂ ಒಳ್ಳೆಯ ಹಂಚಿಕೆ.

ಲೇತನ್ನು ಹೊಸ ಜಾಗದಲ್ಲಿ ಮಟ್ಟ ಮಾಡುವುದು ಹೇಗೆ?

ಲೇತಿನ ಬೆಡ್ ನೋಡಲು ಬಂಡೆಯಂತಿದ್ದರೂ ಪಾದಗಳು ಏರುಪೇರಾದರೆ ತಿರುಚಿಕೊಳ್ಳುತ್ತದೆ, ತಿರುಚಿದ ಬೆಡ್ಡಿನ ಮೇಲೆ ಕಡೆದದ್ದೆಲ್ಲ ಒಂದು ತುದಿಗೆ ದಪ್ಪವಾಗುತ್ತದೆ. ಆದುದರಿಂದ ಇಲ್ಲಿ ಬೇಕಾದದ್ದು ಭೂಮಿಗೆ ಸಮತಲವಾಗಿರುವುದಕ್ಕಿಂತ ಹೆಚ್ಚಾಗಿ ತಿರುಚು ಇಲ್ಲದಿರುವುದು. ಗಾರೆ ಕೆಲಸದ ರಸಮಟ್ಟ ಇದಕ್ಕೆ ಸಾಲದು, ಮೀಟರಿಗೆ 0.02 ಮಿಲಿಮೀಟರ್ ವ್ಯತ್ಯಾಸ ತೋರಿಸುವ ಯಂತ್ರದ ರಸಮಟ್ಟ ಬೇಕು. ಅದನ್ನು ಬೆಡ್ಡಿಗೆ ಅಡ್ಡಲಾಗಿ ಹೆಡ್‌ಸ್ಟಾಕ್ ಬಳಿ ಒಮ್ಮೆ, ಟೇಲ್‌ಸ್ಟಾಕ್ ತುದಿಯಲ್ಲಿ ಒಮ್ಮೆ, ದಿಕ್ಕು ಬದಲಿಸದೆ ಇಟ್ಟು, ಎರಡೂ ಕಡೆ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲುವಂತೆ ಪಾದಗಳ ತಿರುಪನ್ನು ಹೊಂದಿಸಿ.

ಅಂಥ ರಸಮಟ್ಟ ಇಲ್ಲದವರೂ ಕಡೆದು ನೋಡಿ ಹೊಂದಿಸಬಹುದು. 25ರಿಂದ 40 ಮಿಲಿಮೀಟರ್ ವ್ಯಾಸದ ಉಕ್ಕಿನ ಸರಳನ್ನು ಚಕ್ಕಿನಿಂದ ಸುಮಾರು 150 ಮಿಲಿಮೀಟರ್ ಹೊರಚಾಚುವಂತೆ ಹಿಡಿದು, ಟೇಲ್‌ಸ್ಟಾಕಿನ ಆಸರೆ ಕೊಡದೆ, ನಡುವನ್ನು ಸ್ವಲ್ಪ ತೆಳುವಾಗಿಸಿ ಎರಡು ತುದಿಗಳಲ್ಲಿ ಒಂದೊಂದು ಪಟ್ಟೆ ಉಳಿಸಿಕೊಳ್ಳಿ. ಚೂಪಾದ ಟೂಲಿನಿಂದ, ಆಳ ಬದಲಿಸದೆ, ಎರಡೂ ಪಟ್ಟೆಗಳ ಮೇಲೆ ತೆಳುವಾಗಿ ಕಡೆದು ಮೈಕ್ರೋಮೀಟರಿನಿಂದ ಅಳೆಯಿರಿ. ಟೇಲ್‌ಸ್ಟಾಕ್ ಕಡೆಯ ಪಟ್ಟೆ ದಪ್ಪವಾಗಿದ್ದರೆ ಆ ತುದಿಯಲ್ಲಿ ಕೆಲಸಗಾರ ನಿಲ್ಲುವ ಬದಿಯ ಪಾದವನ್ನು ಸ್ವಲ್ಪ ಏರಿಸಬೇಕು, ಸಣ್ಣದಾಗಿದ್ದರೆ ಇಳಿಸಬೇಕು. ಹೆಡ್‌ಸ್ಟಾಕನ್ನು ಕದಲಿಸಿರದಿದ್ದರೆ ಈ ವಿಧಾನ ಬಹಳ ಚೆನ್ನಾಗಿ ಫಲ ಕೊಡುತ್ತದೆ.

ಮಿಲ್ಲಿಂಗ್ ಯಂತ್ರದ ತಲೆ ತಿರುಗಿಸಿದ್ದೇವೆ. ಮತ್ತೆ ನೇರ ಮಾಡುವುದು ಹೇಗೆ?

ಡಯಲ್ ಗೇಜನ್ನು ಸ್ಪಿಂಡಲಿಗೆ ಸಿಕ್ಕಿಸಿ, ಅದರ ಮೊನೆ ಮೇಜನ್ನು ಮುಟ್ಟುವಂತೆ ಮಾಡಿ, ಸ್ಪಿಂಡಲನ್ನು ಕೈಯಿಂದ ಸುತ್ತಿಸಿ. ಸುಮಾರು 200 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿ ಎಡ ಬಲ ಮುಂದೆ ಹಿಂದೆ ನಾಲ್ಕೂ ಕಡೆ 0.02 ಮಿಲಿಮೀಟರಿನೊಳಗೆ ಒಂದೇ ಅಂಕಿ ಬಂದರೆ ಮನೆಯ ಕೆಲಸಕ್ಕೆ ಸಾಕು. ಬೋಲ್ಟುಗಳನ್ನು ಪೂರ್ತಿ ಬಿಗಿದ ಮೇಲೆ ಮತ್ತೊಮ್ಮೆ ಸುತ್ತಿಸಿ ನೋಡಿ, ಬಿಗಿಯುವಾಗ ತಲೆ ತುಸು ಸರಿಯುತ್ತದೆ.

ಮೊದಲ ಸಲ ಚಾಲೂ ಮಾಡುವಾಗ ಯಾವುದಕ್ಕೆ ಎಚ್ಚರ ವಹಿಸಬೇಕು?

ಮೋಟಾರು ತಿರುಗುವ ದಿಕ್ಕಿಗೆ. ಮೂರು ಫೇಸಿನ ಮೋಟಾರಿನಲ್ಲಿ ಯಾವುದೇ ಎರಡು ವೈರುಗಳು ಅದಲುಬದಲಾದರೆ ಅದು ಹಿಂದುಮುಂದಾಗಿ ತಿರುಗುತ್ತದೆ, ಹೊಸ ಜಾಗದ ಸಾಕೆಟ್ಟಿನಲ್ಲಿ ಹೀಗಾಗುವ ಸಾಧ್ಯತೆ ಇದ್ದೇ ಇದೆ. ಚಕ್ಕನ್ನು ಸ್ಪಿಂಡಲಿನ ಥ್ರೆಡ್ಡಿಗೆ ತಿರುಗಿಸಿ ಕೂರಿಸುವ ಲೇತಿನಲ್ಲಿ ಹಿಮ್ಮುಖ ತಿರುಗಿದರೆ ಚಕ್ ತಾನೇ ಬಿಚ್ಚಿಕೊಂಡು ಹಾರುತ್ತದೆ. ಆದುದರಿಂದ ಚಕ್ ತೆಗೆದಿಟ್ಟು ಮೊದಲ ಪರೀಕ್ಷೆ ಮಾಡಿ. ಮೂರು ಫೇಸಿನ ಯಂತ್ರವನ್ನು ಇನ್ವರ್ಟರ್ ಡ್ರೈವ್ ಮೂಲಕ ಒಂದು ಫೇಸಿನಲ್ಲಿ ನಡೆಸುವುದಾದರೆ ಮೋಟಾರಿನ ಸುರುಳಿಗಳ ಒಳಜೋಡಣೆಯನ್ನು ಸ್ಟಾರ್ ಎಂಬ ಕ್ರಮದಿಂದ ಡೆಲ್ಟಾ ಎಂಬ ಕ್ರಮಕ್ಕೆ ಬದಲಿಸಬೇಕಾಗಬಹುದು, ಡ್ರೈವ್ ಮತ್ತು ಮೋಟಾರಿನ ನಡುವೆ ಹಳೆಯ ಸ್ವಿಚ್ಚನ್ನು ಉಳಿಸಬಾರದು. ಇದೂ, ಅರ್ಥಿಂಗ್ ಪರೀಕ್ಷೆಯೂ ಎಲೆಕ್ಟ್ರಿಷಿಯನ್ನರ ಕೆಲಸ.

ವಿದ್ಯುತ್ ಕೊಡುವ ಮೊದಲು ಎಲ್ಲ ಎಣ್ಣೆ ಬಾಯಿಗಳಿಗೆ ಎಣ್ಣೆ ಹಾಕಿ, ಸ್ಪಿಂಡಲನ್ನು ಕೈಯಿಂದ ಹಲವು ಸುತ್ತು ತಿರುಗಿಸಿ, ಎಲ್ಲ ರಕ್ಷಾ ಕವಚಗಳನ್ನೂ ಮರಳಿ ಹಾಕಿ. ಆಮೇಲೆ ಅತಿ ಕಡಿಮೆ ವೇಗದಲ್ಲಿ ಕಾಲು ಗಂಟೆ ಓಡಿಸಿ, ನಿಲ್ಲಿಸಿ, ಬೇರಿಂಗ್ ಇರುವ ಕಡೆ ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ, ಕೈ ಇಡಲಾಗದಷ್ಟು ಬಿಸಿಯಾದರೆ ಮುಂದುವರಿಯಬೇಡಿ. ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಒತ್ತಿ ಪರೀಕ್ಷಿಸಿ. ವಿದ್ಯುತ್ ಹೋಗಿ ಬಂದಾಗ ಯಂತ್ರ ತಾನೇ ಚಾಲೂ ಆಗದಂಥ ಸ್ವಿಚ್ ಇಲ್ಲದಿದ್ದರೆ ಹಾಕಿಸಿ.

ಗ್ರೈಂಡರಿಗೆ ಬೇರೆ ಎಚ್ಚರಿಕೆ ಏನಾದರೂ ಇದೆಯೇ?

ಇದೆ. ಸಾಗಣೆಗೆ ಮೊದಲು ಕಲ್ಲಿನ ಚಕ್ರವನ್ನು ಕಳಚಿ ಮೆತ್ತನೆಯ ಪೆಟ್ಟಿಗೆಯಲ್ಲಿ ಬೇರೆಯಾಗಿ ಒಯ್ಯಿರಿ, ಮೇಜನ್ನು ಅಲುಗದಂತೆ ಕಟ್ಟಿ. ಮರಳಿ ಹಾಕುವ ಮೊದಲು ಒಣಗಿದ ಚಕ್ರವನ್ನು ತೂತಿನಿಂದ ತೂಗುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಬಿರುಕಿಲ್ಲದ ಚಕ್ರ ಸ್ಪಷ್ಟವಾಗಿ ನಾದ ಕೊಡುತ್ತದೆ. ಮಂಕು ಸದ್ದು ಬಂದರೆ ಅದನ್ನು ಒಡೆದು ಎಸೆಯಿರಿ. ಹಾಕಿದ ಮೇಲೆ ಕವಚ ಮುಚ್ಚಿ, ಚಕ್ರದ ನೇರದಿಂದ ಪಕ್ಕಕ್ಕೆ ನಿಂತು, ಒಂದು ನಿಮಿಷ ಖಾಲಿ ಓಡಿಸಿ.

ನೆಲಕ್ಕೆ ಬೋಲ್ಟು ಹಾಕಲೇಬೇಕೇ? ಮತ್ತೆ ಯಾವಾಗ ಪರಿಶೀಲಿಸಬೇಕು?

ಕಂಬದ ಡ್ರಿಲ್ಲಿಂಗ್ ಯಂತ್ರಕ್ಕೂ ಕಿರಿದಾದ ಪಾದದ ಬೇರೆ ಯಂತ್ರಗಳಿಗೂ ಹಾಕಲೇಬೇಕು. ಭಾರವಾದ ಲೇತ್ ತನ್ನ ತೂಕದಿಂದಲೇ ನಿಂತೀತು, ಹಗುರ ಲೇತಿಗೆ ಬೋಲ್ಟು ಹಾಕಿದರೆ ಕಂಪನ ಕಡಿಮೆಯಾಗುತ್ತದೆ. ಬೋಲ್ಟು ಬಿಗಿಯುವಾಗ ಬೆಡ್ ತಿರುಚದಂತೆ, ಮಟ್ಟ ಮಾಡಿದ ಮೇಲೆ ಪಾದ ಮತ್ತು ನೆಲದ ನಡುವಿನ ಸಂದನ್ನು ಶಿಮ್‌ಗಳಿಂದ ತುಂಬಿ, ಸ್ವಲ್ಪ ಸ್ವಲ್ಪವಾಗಿ ಎಲ್ಲ ಬೋಲ್ಟುಗಳನ್ನೂ ಸಮನಾಗಿ ಬಿಗಿಯಿರಿ, ಪ್ರತಿ ಸುತ್ತಿನ ನಂತರ ರಸಮಟ್ಟ ನೋಡಿ.

ತಣ್ಣಗಿದ್ದ ಯಂತ್ರವನ್ನು ಬೆಚ್ಚನೆಯ ಕೋಣೆಗೆ ತಂದರೆ ಬೀಡಿನ ಮೇಲೆ ಗಾಳಿಯ ತೇವ ಹನಿಗಟ್ಟಿ ಬೇಗನೆ ತುಕ್ಕು ಮೂಡುತ್ತದೆ. ಆದುದರಿಂದ ಹೊರಡುವ ಮೊದಲೇ ಎಲ್ಲ ನಯವಾದ ಮೈಗಳಿಗೆ ಎಣ್ಣೆ ಸವರಿ, ಬಂದ ಮೇಲೆ ಒರೆಸಿ ಮತ್ತೆ ಸವರಿ. ಮರದ ಪೀಠಗಳೂ ಪಾದದ ಕೆಳಗಿನ ಮೆತ್ತೆಗಳೂ ಭಾರಕ್ಕೆ ಕುಗ್ಗಿ ಕೂರಲು ಕಾಲ ಬೇಕು. ಮೊದಲ ವಾರ ಕಳೆದ ಮೇಲೆ ಒಮ್ಮೆ, ಒಂದು ತಿಂಗಳಿಗೆ ಇನ್ನೊಮ್ಮೆ, ಋತು ಬದಲಾದಾಗ ಮತ್ತೊಮ್ಮೆ ಮಟ್ಟವನ್ನೂ ಬೋಲ್ಟುಗಳ ಬಿಗಿತವನ್ನೂ ನೋಡಿ, ಪ್ರತಿ ಸಲದ ಅಂಕಿಗಳನ್ನು ಯಂತ್ರದ ಬಾಗಿಲ ಒಳಮೈಗೆ ಅಂಟಿಸಿದ ಹಾಳೆಯಲ್ಲಿ ಬರೆದಿಡಿ. ಎರಡು ಸಲ ಸತತವಾಗಿ ಅಂಕಿ ಬದಲಾಗದಿದ್ದರೆ ಪೀಠ ಕೂತಿದೆ ಎಂದು ತಿಳಿದು, ಅನಂತರ ವರ್ಷಕ್ಕೊಮ್ಮೆ ನೋಡಿದರೆ ಸಾಕು.